ನಾಲ್ವರಲ್ಲಿ ಮೂವರು

ಮಾರ್ಚ್ 3, ಸೋಮವಾರ
ಬೆಳಿಗ್ಗೆ ಎರಡು ಹಲ್ಲು ಕಿತ್ತೆ, ಒಂದಕ್ಕೆ ಸಿಮೆಂಟು. ಸಂಜೆ ಕ್ಲಬ್ಬು. ಗಾಲ್ಫ್ ಹುಟ್ಟಿದ ನಾಡಿಗೆ ಜೂನ್‌ನಲ್ಲಿ ಹೊರಡುವುದು ಖಚಿತವಾಯಿತು. ಕಡಲ ದಂಡೆಯ ಆ ಹಳೇ ಮೈದಾನದಲ್ಲಿ ಭಾವ, ಕಂಟ್ರಾಕ್ಟರ್ ಗೆಳೆಯ, ಕೊಕ್ಕರೆ, ನಾನು, ನಾಲ್ವರಿಗೂ ಆಡಲು ಅವಕಾಶ ಸಿಕ್ಕಿದೆ. ಕೊಕ್ಕರೆ ಕುಣಿದಾಡಿದ. ಉದ್ದ ಕಾಲಿಗೆ ಕಾಲೇಜಿನಲ್ಲಿ ಬಿದ್ದ ಹೆಸರು ಅದು. ಪ್ರವಾಸ ಅವನ ಕನಸೇ. ನನಗೆ ಆಟ ಕಲಿಸಿದವನೂ ಅವನೇ.
“ಅಲ್ಲಿ ಗಾಳಿ ಜಾಸ್ತಿ ಕಣೋ, ಇರೋ ನಾಕು ಕೂದಲೂ ಹಾರ್ಹೋಗತ್ತೆ ನಿಂದು!” ಎಂದು ನನ್ನನ್ನು ಛೇಡಿಸಿದ.

ಮಾರ್ಚ್ 29
ಬರೆಯಲು ಮನಸ್ಸಿರಲಿಲ್ಲ. ಕೊಕ್ಕರೆಗೆ ಸ್ಟ್ರೋಕ್. ಈಗ ಮನೆಗೆ ಬಂದಿದ್ದಾನೆ. ಎಡಗೈ ಸ್ವಾಧೀನದಲ್ಲಿಲ್ಲ, ಕಾಲು ಎಳೆಯುತ್ತಾನೆ. ಜೂನ್ ಹೊತ್ತಿಗೆ ಪ್ರಯಾಣ ಮಾಡಬಹುದೆಂದು ಡಾಕ್ಟರು ಹೇಳಿದ್ದಾರೆ.
“ಆಡೋಕಾಗದಿದ್ರೆ ಏನಂತೆ, ನಿಮ್ ಜತೆ ನಡೀತೀನಿ” ಎಂದ.

ಏಪ್ರಿಲ್ 18
ಅಕ್ಕನ ಮನೆಯಲ್ಲಿ ಸೇರಿದ್ದೆವು — ಭಾವ, ಕಂಟ್ರಾಕ್ಟರ್, ನಾನು. ಮೂವರೇ.
“ಅವನನ್ನ ಕಟ್ಕೊಂಡು ಹೋದ್ರೆ ರಜಾ ಅಲ್ಲ, ನರ್ಸಿಂಗ್ ಡ್ಯೂಟಿ” ಎಂದ ಕಂಟ್ರಾಕ್ಟರ್.
ಭಾವ ನನ್ನ ಕಡೆ ತಿರುಗಿದರು. “ನೀನೇ ಹೇಳ್ಬಿಡಪ್ಪ. ನಿನ್ನ ಸ್ನೇಹಿತ ತಾನೇ.”
ಆಗಲ್ಲ ಅನ್ನಬೇಕಿತ್ತು. ಹೂಂ ಎಂದು ತಲೆಯಾಡಿಸಿದೆ. ಇನ್ನೊಂದನ್ನೂ ಬರೆದುಬಿಡುತ್ತೇನೆ, ಓದುವವರು ಯಾರಿದ್ದಾರೆ — ಒಳಗೊಳಗೇ ಹಗುರಾಯಿತು.

ಏಪ್ರಿಲ್ 20
ಹೇಳಿದೆ. ನಿಜವನ್ನಲ್ಲ.
“ಪ್ರವಾಸ ಕ್ಯಾನ್ಸಲ್ ಕಣೋ. ಭಾವನಿಗೆ ಆಫೀಸಲ್ಲಿ ರಜಾ ಸಿಗಲಿಲ್ಲ.”
ಅವನೇ ನನ್ನನ್ನು ಸಮಾಧಾನ ಮಾಡಿದ. “ಬೇಜಾರ್ ಮಾಡ್ಕೋಬೇಡ. ಮುಂದಿನ ವರ್ಷ ನಾನೂ ಆಡ್ತೀನಿ, ನೋಡ್ತಿರು.”
ಅವನ ಹೆಂಡತಿ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು. ಚಪ್ಪಲಿ ಮೆಟ್ಟಿಕೊಳ್ಳುವಾಗ ಎಡಬಲ ತಿಳಿಯಲಿಲ್ಲ.

ಮೇ 21
ಕ್ಲಿನಿಕ್‌ಗೆ ಬಂದ, ಕೋಲೂರಿಕೊಂಡು. ದವಡೆ ಹಲ್ಲು ನೋವಂತೆ. ಕುರ್ಚಿ ಒರಗಿಸಿ ದೀಪ ಹಾಕಿದೆ. ಬಾಯಿ ತೆರೆದ. ಕಣ್ಣು ನನ್ನ ಮೇಲೇ. ಹುಳುಕಿಲ್ಲ, ಊತವಿಲ್ಲ. ಆದರೂ ಒಂದೊಂದೇ ಹಲ್ಲು ತಟ್ಟುತ್ತಾ ಕೂತೆ... ಬಾಯಿ ಮುಚ್ಚಿದರೆ ಮಾತಾಡುತ್ತಾನಲ್ಲ.
ಮುಕ್ಕಳಿಸಿ ಎದ್ದು ಕೂತ. “ಟ್ರಾವೆಲ್ಸ್‌ನವಳು ಫೋನ್ ಮಾಡಿದ್ಲು. ಬುಕ್ ಮಾಡಿದ್ದು ನಾನಲ್ವಾ. ಮೂರೇ ಸೀಟಾ ಸಾರ್ ಅಂದ್ಲು. ಹೂಂ ಅಂದೆ.”
ಗ್ಲೌಸ್ ಬಿಚ್ಚಲು ಹೋದೆ. ಬೆರಳಿಗೆ ಅಂಟಿಕೊಂಡುಬಿಟ್ಟಿತ್ತು.
“ಮುಖ ನೋಡಿ ಹೇಳಬಹುದಿತ್ತಲ್ಲೋ. ನಾಕು ಬೈತಿದ್ದೆ, ಅಷ್ಟೇ.”
ಮೆಟ್ಟಿಲ ಹತ್ತಿರ ಕೈ ಚಾಚಿದೆ. ಅವನು ಕಂಬಿ ಹಿಡಿದುಕೊಂಡ.

ಜೂನ್ 9, ವಿಮಾನ ನಿಲ್ದಾಣ
ಹೋಗುವುದಿಲ್ಲ, ಹೋಗುವುದಿಲ್ಲ ಎಂದು ಹೆಂಡತಿಯ ಮುಂದೆ ವಾರವಿಡೀ ಹೇಳಿ, ಕೊನೆಗೆ ಹೊರಟೇ ಬಂದಿದ್ದೇನೆ. ಭಾವ, ಕಂಟ್ರಾಕ್ಟರ್ ಸೆಂಟಿನ ಅಂಗಡಿಯಲ್ಲಿದ್ದಾರೆ. ಈಗಷ್ಟೇ ಕೊಕ್ಕರೆಗೆ ಫೋನ್ ಮಾಡಿದೆ. ತಪ್ಪಾಯಿತು ಅನ್ನೋಣ ಅಂತ.
“ಎಲ್ಲಿದ್ದೀಯೋ?” ಎಂದ.
“ಕ್ಲಿನಿಕ್‌ನಲ್ಲಿ” ಅಂದುಬಿಟ್ಟೆ. ಯಾಕೆ ಅಂದೆನೋ. ಎಲ್ಲಾ ಗೊತ್ತಿರುವವನಿಗೆ! ತಲೆಯ ಮೇಲೆ ಸ್ಪೀಕರ್ ನಮ್ಮ ವಿಮಾನವನ್ನೇ ಕೂಗುತ್ತಿತ್ತು. ಅವನಿಗೂ ಕೇಳಿಸಿರಬೇಕು.
“ಸರಿ, ಪೇಷೆಂಟ್ ಕಾಯ್ತಿರ್ತಾರೆ. ಹೋಗು” ಎಂದ.
ಭಾವ ಗೇಟಿನಿಂದ ಕೈಬೀಸಿ ಕರೆಯುತ್ತಿದ್ದಾರೆ. ಈಗಲೂ ಎದ್ದು ಮನೆಗೆ ಹೋಗಿಬಿಡಬಹುದು—