ರಾಯ್ಸ್ ಮತ್ತೆ ಕೆಲಸಕ್ಕೆ ಹೋಗುವ ಮಾತು

ಸ್ಯಾಂಡಿ ರಿಡ್ಜ್, ಉತ್ತರ ಕ್ಯಾರೊಲೈನಾ
11 ನವೆಂಬರ್ 1998

ಪ್ರೀತಿಯ ತಮ್ಮ ರಾಯ್ಸ್‌ಗೆ, ನಿನ್ನ ಅಕ್ಕ ಮಾಡುವ ಆಶೀರ್ವಾದ.

ನಿನ್ನ ಎರಡೂ ಕಾಗದ ತಲುಪಿವೆ. ಉತ್ತರ ತಡವಾಯಿತೆಂದು ಬೇಜಾರು ಮಾಡಿಕೊಳ್ಳಬೇಡ. ಮಗ ಕರ್ಟಿಸ್‌ನನ್ನು ಮಣ್ಣು ಮಾಡಿ ಬಂದ ಮೇಲೆ ಪೆನ್ನು ಹಿಡಿದು ಕೂತಾಗಲೆಲ್ಲ ‘ಪ್ರೀತಿಯ ತಮ್ಮ’ ಎನ್ನುವಲ್ಲಿಗೇ ಕೈ ನಿಂತುಬಿಡುತ್ತಿತ್ತು. ಇಲ್ಲಿ ಹೇಗೋ ಇದ್ದೇವೆ. ನಿನ್ನ ಭಾವ ಬೆಳಗಾದರೆ ಸೌದೆ ಒಡೆಯಲು ಹೋಗುತ್ತಾರೆ. ಮೂರು ಚಳಿಗಾಲಕ್ಕೆ ಸಾಲುವಷ್ಟು ಒಟ್ಟಿದ್ದಾರೆ. ಕೊಡಲಿ ಕೈಯಲ್ಲಿದ್ದಷ್ಟು ಹೊತ್ತು ಮನುಷ್ಯರ ಹಾಗೆ ಇರುತ್ತಾರೆಂದು ನಾನೂ ಸುಮ್ಮನಿದ್ದೇನೆ.

ಹೋದ ವಾರ ನಿಮ್ಮ ರೇಸ್ ಟೀಮಿನ ಮಾಲೀಕ ಪ್ರುಯಿಟ್ ಬಂದಿದ್ದರು. ಬೂಟಿಗೆ ಕೆಸರು ತಾಗದ ಹಾಗೆ ಕೊಕ್ಕರೆಯಂತೆ ಅಂಗಳ ದಾಟಿ ಬಂದು ಅಡುಗೆಮನೆಯಲ್ಲಿ ಕೂತರು.

“ಫೆಬ್ರವರಿಗೆ ಡೇಟೋನಾ ರೇಸ್ ಇದೆ, ನೆಲ್ಡಮ್ಮ. ರಾಯ್ಸ್ ಫೋನ್ ಎತ್ತಲ್ಲ, ಬಾಗಿಲು ತೆಗೆಯಲ್ಲ. ಗ್ಯಾರೇಜಲ್ಲಿ ಹುಡುಗರೆಲ್ಲ ಕೈಕಟ್ಟಿ ಕೂತಿದಾರೆ. ಹೊಸ ವರ್ಷದೊಳಗೆ ಅವನು ಬರದಿದ್ರೆ ನಾನು ಬೇರೆಯವರನ್ನ ನೋಡ್ಕೋಬೇಕಾಗುತ್ತೆ. ನಿಮ್ಮ ಮಾತು ಮೀರಲ್ಲ ಅವನು, ನೀವೇ ಹೇಳಿ” ಎಂದರು. ಹೇಳುತ್ತ ಹೇಳುತ್ತಲೇ ಎರಡು ತುಂಡು ಗೆಣಸಿನ ಪೈ ಮುಗಿಸಿದರು. ದುಃಖ ಅವರ ಹೊಟ್ಟೆಯವರೆಗೆ ಇಳಿದಿರಲಿಲ್ಲ.

ಆದರೂ ಆ ಮನುಷ್ಯ ಹೇಳಿದ್ದರಲ್ಲಿ ತಪ್ಪಿಲ್ಲ. ಆ ಕೆಲಸ ಬಿಟ್ಟರೆ ನಿನ್ನಲ್ಲಿ ಉಳಿಯುವುದಾದರೂ ಏನು? ಅಪ್ಪನ ಟ್ರ್ಯಾಕ್ಟರ್ ಬಿಚ್ಚಿ ಹರಡಿ, ಮತ್ತೆ ಜೋಡಿಸಲು ಬಾರದೆ ಕೋಳಿಗೂಡಿನಲ್ಲಿ ಅಡಗಿ ಕೂತವನು ನೀನು. ರೇಸಿನ ಗ್ಯಾರೇಜಿನಲ್ಲಿ ಕಸ ಗುಡಿಸಿದೆ, ಟೈರು ಬದಲಿಸಿ ಸೊಂಟ ಕೆಡಿಸಿಕೊಂಡೆ, ಕೊನೆಗೆ ಕ್ರೂ ಚೀಫ್ ಆದೆ. ಕಾರು, ಅದಕ್ಕಾಗಿ ದುಡಿಯುವ ಜನ, ಅದರೊಳಗೆ ಕೂತವನ ಜೀವ, ಎಲ್ಲವೂ ನಿನ್ನ ಒಂದು ಮಾತಿನ ಮೇಲೆ. ಅದಕ್ಕೆ ನೀನು ತೆತ್ತದ್ದೂ ಕಡಿಮೆಯಲ್ಲ. ಕಟ್ಟಿಕೊಂಡ ಲೊರೀನ್ ಬಿಟ್ಟು ಹೋದಳು. ಅಮ್ಮನ ಮಣ್ಣಿಗೂ ಜಾಹೀರಾತು ಹೊಲಿದ ಅಂಗಿಯಲ್ಲೇ ಬಂದೆ. ಅವತ್ತು ಬಾಯಿಗೆ ಬಂದ ಹಾಗೆ ಬೈದವಳು ನಾನೇ, ಟಿವಿಯಲ್ಲಿ ನಿನ್ನ ಮುಖ ಕಂಡರೆ ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆಯುತ್ತಿದ್ದವಳೂ ನಾನೇ.

ಕರ್ಟಿಸ್ ನಿನ್ನ ಕಾರು ಓಡಿಸಲು ಬಂದಾಗ ನನಗೆ ಹೆದರಿಕೆಯಾಗಿತ್ತು. “ಮಾಮ ನನ್ನ ಕಿವೀಲೇ ಇರ್ತಾನಲ್ಲಮ್ಮ, ರೇಡಿಯೋದಲ್ಲಿ. ಸ್ಕೂಲಿಗೆ ಬಿಟ್ಟು ಬಂದ ಹಾಗೆ ಅಂದ್ಕೋ” ಎಂದು ನಗಿಸಿದ್ದ.

ಅವನ ಸಾವು ನಿನ್ನ ಕೈಯಿಂದಲೇ ಆಯಿತೆಂದು ಬರೆದಿದ್ದೀಯ. ಹಾಗೆ ಅನ್ನಬೇಡ. ನೀವಿಬ್ಬರೂ ಆಡುವ ಮಾತನ್ನು ನಾನು ಗ್ಯಾಲರಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳುತ್ತಿದ್ದೆ.

“ಕಾರು ತಿರುಗ್ತಿಲ್ಲ ಮಾಮ, ಹಿಂದೆ ಸ್ವಲ್ಪ ಸಡಿಲ ಮಾಡು” ಎಂದ ಅವನು.

“ಜಾಸ್ತಿ ಸಡಿಲ ಆದ್ರೆ ಬಾಲ ಜಾರುತ್ತೆ ಕಣೋ” ಎಂದೆ ನೀನು.

“ಜಾರಿದ್ರೆ ನಾನು ಹಿಡೀತೀನಿ. ಮುದುಕನ ಥರ ಆಡಬೇಡ.”

ಕಾರು ಟ್ರ್ಯಾಕಿನಿಂದ ಒಳಗೆ ಬಂದಾಗ ಹಿಂದಿನ ಸ್ಪ್ರಿಂಗಿನ ಬೋಲ್ಟನ್ನು ಅರ್ಧ ಸುತ್ತು ತಿರುಗಿಸಲು ನಿನ್ನ ಹುಡುಗರಿಗೆ ಹೇಳಿದೆ. ಹೊರಗೆ ಹೋಗಿ ಎರಡನೆಯ ಸುತ್ತಿಗೇ ಬಾಲ ಜಾರಿತು. ಕಾರು ಓಡಿಸುವವನು ಕೇಳಿದ್ದನ್ನು ಕೊಡುವುದೇ ನಿನ್ನ ಕೆಲಸವಾಗಿತ್ತು, ಕೊಟ್ಟೆ. ಸಿಪ್ಪೆ ಸಮೇತ ಕಡಲೆಕಾಯಿಯನ್ನು ಯಾರೋ ಗ್ಯಾರೇಜಿಗೆ ತಂದಿದ್ದರು, ಆ ಅಪಶಕುನದಿಂದಲೇ ಹೀಗಾಯಿತೆಂದು ನಿನ್ನ ಟೈರಿನ ಹುಡುಗನೊಬ್ಬ ಚರ್ಚಿನ ಮುಂದೆ ಅತ್ತ. ಪಾಪ, ಯಾವುದಾದರೊಂದರ ಮೇಲೆ ಹೊರಿಸಬೇಕಲ್ಲ. ನೀನು ಮಾತ್ರ ಹೊತ್ತುಕೊಳ್ಳಬೇಡ. ಆ ಅರ್ಧ ಸುತ್ತಿಗಾಗಿ ನಾನು ನಿನ್ನನ್ನು ಒಂದು ದಿನವೂ ದೂರಿಲ್ಲ.

ಕೆಲಸಕ್ಕೆ ಹೋಗು. ಕರ್ಟಿಸ್ ಕೂತ ಜಾಗದಲ್ಲಿ ನಾಳೆ ಇನ್ನೊಬ್ಬಳ ಮಗ ಕೂರುತ್ತಾನೆ. ಅವನ ಕಾರು ಅರೆಬರೆ ಕಲಿತವನ ಕೈಗೆ ಹೋಗುವುದಕ್ಕಿಂತ ನಿನ್ನ ಕೈಯಲ್ಲಿರುವುದು ಮೇಲು. ಗಡ್ಡ ತೆಗೆ, ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಕಾಯಲಿ.

ನಿನ್ನ ಅಕ್ಕ,
ನೆಲ್ಡಾ

ತಾ.ಕ.: ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಬರಲೇ ಎಂದು ಕೇಳಿದ್ದೀಯ. ಬರಬೇಡ. ಕಾರಣ ಬರೆಯದೆ ಲಕೋಟೆ ಅಂಟಿಸಿದ್ದೆ, ಮನಸ್ಸು ತಡೆಯದೆ ಮತ್ತೆ ಬಿಚ್ಚಿದೆ.

ಡಿಕ್ಕಿಯಾದ ಮೇಲೆ ಕಾರಿನ ಕಿಟಕಿಯ ಬಲೆ ಕೆಳಗೆ ಬಿದ್ದರೆ ಒಳಗಿರುವವನು ಚೆನ್ನಾಗಿದ್ದಾನೆ, ಅವನೇ ಅದನ್ನು ಬಿಚ್ಚಿ ಗುರುತು ತೋರಿಸುತ್ತಾನೆ ಎಂದು ನನಗೆ ಕಲಿಸಿಕೊಟ್ಟವನು ನೀನು. ಅವತ್ತು ಕಾರು ಗೋಡೆಗೆ ಬಡಿದ ಕೂಡಲೇ ನಾನು ಎದ್ದು ಮೆಟ್ಟಿಲಿನವರೆಗೆ ಓಡಿದ್ದೆ. ನಾನು ಕೇಳಿಸಿಕೊಳ್ಳುತ್ತಿರುತ್ತೇನೆಂದು ನಿನಗೆ ಗೊತ್ತಿತ್ತು. “ಬಲೆ ಬಿತ್ತಕ್ಕ. ಹುಡುಗ ಚೆನ್ನಾಗಿದಾನೆ, ಕೂತ್ಕೋ” ಎಂದೆ ನೀನು, ರೇಡಿಯೋದಲ್ಲಿ. ನಾನು ವಾಪಸು ಬಂದು ಕೂತೆ. ಪಕ್ಕದವರು ಕೊಟ್ಟ ಶರಬತ್ತು ಕುಡಿದೆ. ಅವರೇನೋ ತಮಾಷೆ ಮಾಡಿದರು, ನಕ್ಕೆ ಕೂಡ.

ಬಲೆ ಇಳಿಸಿದವನು ಕರ್ಟಿಸ್ ಅಲ್ಲ. ಅವನನ್ನು ಹೊರಗೆಳೆಯಲು ಓಡಿಬಂದವರಲ್ಲಿ ಒಬ್ಬ ಹೊರಗಿನಿಂದ ಕೈಹಾಕಿ ಬಿಚ್ಚಿದ್ದು. ಅದು ನಿನಗೂ ಆಮೇಲೆ ತಿಳಿಯಿತು. ನಿನಗೆ ತಿಳಿಯದ್ದು ಇನ್ನೊಂದಿದೆ. ಟ್ರ್ಯಾಕಿನ ಆಸ್ಪತ್ರೆಯ ನರ್ಸಮ್ಮ ನನಗೊಬ್ಬಳಿಗೇ ಹೇಳಿದ್ದು. ಕರ್ಟಿಸ್‌ಗೆ ಸ್ವಲ್ಪ ಹೊತ್ತು ಎಚ್ಚರವಿತ್ತಂತೆ. “ಅಮ್ಮ ಬಂದ್ಲಾ?” ಎಂದು ಕೇಳಿದನಂತೆ. ಸ್ವಲ್ಪ ಹೊತ್ತಾದ ಮೇಲೆ ಮತ್ತೊಮ್ಮೆ ಕೇಳಿದನಂತೆ.

ನಾನು ಕೂತಿದ್ದೆ, ರಾಯ್ಸ್.

ಕೆಲಸಕ್ಕೆ ಹೋಗು. ಆದರೆ ಇನ್ನು ಮೇಲೆ ಬಲೆ ಬಿತ್ತೆಂದು ಯಾವ ತಾಯಿಗಾದರೂ ಹೇಳುವ ಮುಂಚೆ, ಇಳಿಸಿದ ಕೈ ಯಾರದೆಂದು ನೋಡು.