ಬೇಡ ಎನ್ನಲಾದರೂ ಬರಬೇಕು

ಫೆಬ್ರವರಿ 4
ಅಜ್ಜಿಗೆ ಕಾಫಿ, ಗುಳಿಗೆ, ಪತ್ರಿಕೆಯ ಶ್ರದ್ಧಾಂಜಲಿ ಪುಟ — ಓದಿ ಹೇಳಿದ್ದಾಯಿತು. ಅಜ್ಜಿಯ ಹಿರಿಯ ಮಗ, ಅಮ್ಮನ ಅಣ್ಣ ಫ್ರಾನ್ಸ್ ಮಾವ ಬಂದಿದ್ದರು. ಅದೇ ಮಾತು: ‘ಹರ್ರೂಬಾದ ಬಾರೊನೆಸ್’ ಬಿರುದು ಅಜ್ಜಿಯ ನಂತರ ಯಾರಿಗೆ? ನಮ್ಮ ಮನೆತನದಲ್ಲಿ ಹಿರಿಯರಿಗೇ ಹೋಗಬೇಕೆಂದಿಲ್ಲ. ಮಕ್ಕಳು ಮೊಮ್ಮಕ್ಕಳಲ್ಲಿ ಒಬ್ಬರನ್ನು ಹೆಸರಿಸಬಹುದು. ಮಾಲ್ಟಾ ಸರ್ಕಾರ ಇಂಥ ಬಿರುದುಗಳಿಗೆ ಕಾನೂನಿನ ಮಾನ್ಯತೆ ಕೊಡುವುದು ಬಿಟ್ಟು ಎಷ್ಟೋ ಕಾಲವಾಯಿತು. ಮಾವನ ಜೇಬಿನಲ್ಲಿ ಮಾತ್ರ ಹೊಸ ವಿಸಿಟಿಂಗ್ ಕಾರ್ಡಿನ ಮಾದರಿ.

ಹೋಗುವಾಗ ನನಗೆ, “ನಿನ್ನನ್ನೇ ಹೆಸರಿಸ್ತಾರೇನೋ ಕಣೆ. ಸಾಹಿತ್ಯ ಓದಿದೀಯ, ಕೆಲಸ ಇಲ್ಲ. ಬಾರೊನೆಸ್ ಆಗೋಕೆ ಇನ್ನೇನು ಬೇಕು?”

ಉತ್ತರ ಹೊಳೆದದ್ದು ಪಾತ್ರೆ ತೊಳೆಯುವಾಗ.

ಫೆಬ್ರವರಿ 9, ಭಾನುವಾರ
ಗೋಝೋ ದ್ವೀಪಕ್ಕೆ, ಅಮ್ಮನ ಹತ್ತಿರ. ಅಪ್ಪ ತೀರಿಕೊಂಡ ಮೇಲೆ ಅವಳು ಹಡಗಿನ ಹಗ್ಗ ಕಟ್ಟುವ ಸಲ್ವುವನ್ನು ಮದುವೆಯಾದಳು. ಹಾಗಾದರೆ ಈ ಮನೆಗೆ ಬರಬೇಡ ಎಂದರು ಅಜ್ಜಿ. ಬರಲಿಲ್ಲ. ನಾನು ಓದಿಗೆಂದು ಅಜ್ಜಿಯ ಬಳಿ ಉಳಿದೆ. ನಡುವೆ ಅರ್ಧ ಗಂಟೆಯ ಸಮುದ್ರ...

ಅಜ್ಜಿ ಹೇಗಿದ್ದಾರೆ ಎಂದು ಅಮ್ಮ ಕೇಳುವುದಿಲ್ಲ. ನನ್ನ ಸ್ವೆಟರ್ ಮೂಸುತ್ತಾಳೆ. “ಆ ಮನೇಲಿ ಇನ್ನೂ ಅದೇ ನುಸಿಗುಳಿಗೆ ವಾಸನೆ.” ಆಮೇಲೆ ತೋಳು ಬಿಡುವುದಿಲ್ಲ.

ಮನೆಗೆ ಬಂದರೆ ಅಜ್ಜಿಯ ಪ್ರಶ್ನೆಯೂ ಒಂದೇ — ಸಮುದ್ರ ಹೇಗಿತ್ತು?

ಮಾರ್ಚ್ 3
ಹೆಸರು ಬರೆದುಕೊಳ್ಳಲು ನೋಟರಿ ಬಂದರು. ಮಾವ ಟೈ ಕಟ್ಟಿಕೊಂಡು ಬಂದರು. ನಾನು ಕಾಫಿ ಬಗ್ಗಿಸುತ್ತಿದ್ದೆ. ಅಜ್ಜಿ ಹೇಳಿದ ಹೆಸರು — ಉರ್ಸೋಲಾ. ಅಮ್ಮ! ಕಾಫಿ ತಟ್ಟೆಗೆಲ್ಲ ಚೆಲ್ಲಿತು.

ಪತ್ರ ಕಳಿಸಿ ಒಪ್ಪಿಗೆ ತರಿಸಬಹುದು ಎಂದರು ನೋಟರಿ.

“ಪತ್ರ ಗಿತ್ರ ಬೇಡ. ಒಪ್ಪೋದಾದ್ರೂ ಸರಿ, ಬೇಡ ಅನ್ನೋದಾದ್ರೂ ಸರಿ, ಈ ಮನೆಗೆ ಬಂದು ನನ್ನೆದುರಿಗೆ ಹೇಳ್ಬೇಕು.”

ಕಾನೂನಿನಲ್ಲಿ ಹಾಗೇನಿಲ್ಲವಲ್ಲ ಎಂದರು ನೋಟರಿ. “ಕಾನೂನಿನಲ್ಲಿ ನಾನೇ ಇಲ್ಲ. ಬರ್ಕೊಳ್ಳಿ,” ಎಂದರು ಅಜ್ಜಿ.

ಮಾರ್ಚ್ 9, ಭಾನುವಾರ
ಹೇಳಿದೆ. ಅಮ್ಮ ಮೀನು ಹೆಚ್ಚುತ್ತಿದ್ದಳು.

“ಬೇಡ ಅಂತ ಹೇಳ್ಬಿಡು.”

“ಬೇಡ ಅನ್ನೋಕೂ ನೀನೇ ಬರ್ಬೇಕಂತೆ.”

ಚಾಕು ನಿಂತಿತು. “ಘಾಟಿ ಮುದುಕಿ,” ಎಂದಳು. ಮೀನಿನ ತಲೆಯನ್ನು ಬದಿಗೆ ಸರಿಸಿ, ಇತ್ತ ನೋಡದೆ, “ಮೆಟ್ಟಿಲು ಹತ್ತೋಕಾಗುತ್ತಾ ಈಗ ಅವರಿಗೆ?”

ಮೊದಲ ಪ್ರಶ್ನೆ.

ಮಾರ್ಚ್ 16, ಭಾನುವಾರ
ಗಾಳಿ. ಹಡಗು ಇಲ್ಲ. ಅಜ್ಜಿ ದಿನವಿಡೀ ಕಿಟಕಿಯ ಹತ್ತಿರ. ಅಲ್ಲಿಂದ ಸಮುದ್ರ ಕಾಣುವುದೇ ಇಲ್ಲ.

ಮಾರ್ಚ್ 19, ಸಂತ ಜೋಸೆಫರ ಹಬ್ಬ
ಬಂದಿದ್ದಾಳೆ. ಒದ್ದೆ ಕೋಟಿನಲ್ಲೇ ಬಾಗಿಲಲ್ಲಿ ನಿಂತು, “ನನಗದು ಬೇಡ ಅಂತ ಹೇಳೋಕೆ ಬಂದೆ.”

“ಕೂತ್ಕೊಂಡು ಹೇಳು,” ಎಂದರು ಅಜ್ಜಿ.

ಕೂತಳು. ಸಂಜೆಯಾಗುತ್ತಿದೆ. ಸಲ್ವುವಿನ ಕೆಮ್ಮಿನ ವಿಷಯ, ಮೀನಿನ ವಿಷಯ, ನನ್ನ ಕೂದಲಿನ ವಿಷಯ... ಕೂತ ಮೇಲೆ ಬೇಡ ಎಂದು ಇನ್ನೂ ಹೇಳಿಲ್ಲ. ಅಡುಗೆಮನೆಯಲ್ಲಿ ನಿಂತು ಬರೆಯುತ್ತಿದ್ದೇನೆ. ಅಜ್ಜಿ ಕೂಗುತ್ತಿದ್ದಾರೆ, ಮೂರನೇ ಕಪ್ ಎಲ್ಲಿ, ನೀನೂ ಬಾ ಎಂದು —