ಕೆಂಪು ಹೇಂಟೆಗಾಗಿ ಸರದಾರಸಾಬನನ್ನು ಕರೆದದ್ದು

ದೇವಾಪುರ,
ತಾ. 12-11-1949

ನನ್ನ ಸಿಟ್ಟಿನ ಮಗಳು ರೇಣಮ್ಮಳಿಗೆ ಅವ್ವನ ಆಶೀರ್ವಾದ.

ಅಳಿಯ ಬಾಲಪ್ಪನವರ ಕಾಲುನೋವು ಹೇಗಿದೆ? ಮೊದಲು ಅದನ್ನು ಬರೆ. ಇಲ್ಲಿ ನೀನು ಸಾಕಿ ಬಿಟ್ಟುಹೋದ ಕೆಂಪು ಹೇಂಟೆ ತೀರಿತು. ಅಳಬೇಡ, ಪೂರ್ತಿ ಓದು.

ಅದಕ್ಕೆ ಕೊಕ್ಕರೆ ರೋಗ ಬಂದಿತ್ತು. ಕತ್ತು ತಿರುಚಿ, ಒಂದು ಕಾಲು ಬಿದ್ದು, ಬಾಯಿ ತೆರೆದು ಉಸಿರಾಡುತ್ತಿತ್ತು. ಬೆಳ್ಳುಳ್ಳಿ ಅರೆದು ಹಾಕಿದೆ, ಮಜ್ಜಿಗೆ ಹನಿಸಿದೆ. ಯಾವುದೂ ಗಂಟಲಲ್ಲಿ ಇಳಿಯಲಿಲ್ಲ. ಉಳಿದ ಕೋಳಿಗಳು ಕುಕ್ಕತೊಡಗಿದಾಗ ಬುಟ್ಟಿಯಡಿ ಮುಚ್ಚಿಟ್ಟೆ. ನಿಮ್ಮಪ್ಪ ಹೆಸರಿಗೆ ಗಂಡಸು, ಕತ್ತು ಮುರಿಯಲು ಹೋಗಿ ಅರ್ಧಕ್ಕೇ ಕೈಬಿಟ್ಟರು. ಅದು ಕೂಗುತ್ತಲೇ ಇತ್ತು.

ನಮ್ಮ ಓಣಿಯಲ್ಲಿ ಯಾರ ಮನೆಯ ಕುರಿ ಕೋಳಿಯಾದರೂ ಕೊಯ್ಯುವ ಕೈ ಮುಲ್ಲಾ ಸರದಾರಸಾಬನದೇ. ಹೋದ ವರ್ಷದ ರಜಾಕಾರರ ಗಲಾಟೆ ಮುಗಿದ ಮೇಲೆ ಯಾರೂ ಅವನನ್ನು ಕರೆದಿಲ್ಲ. ಅವನ ತಮ್ಮ ಅಲ್ಲಾಬಕ್ಷ ರಜಾಕಾರರ ಜೊತೆ ಸೇರಿ ನಿನ್ನ ಗಂಡನ ಕಾಲು ಮುರಿದದ್ದನ್ನು ನಾನು ಮರೆತಿಲ್ಲ. ಆ ಮನೆಯವರು ನಮ್ಮ ಅಂಗಳ ತುಳಿದರೆ ತವರಿಗೆ ಕಾಲಿಡುವುದಿಲ್ಲ ಎಂದು ನೀನು ಆಣೆ ಇಟ್ಟದ್ದೂ ನೆನಪಿದೆ. ಆದರೂ ಹೋಗಿ ಕರೆದೆ. ತಮ್ಮನ ಪಾಪಕ್ಕೆ ಅಣ್ಣ ನರಳಿದ್ದು ಸಾಲದೆ ಆ ಮೂಕ ಜೀವವೂ ನರಳಬೇಕೇ?

ಅವನು ಕೈ ತೊಳೆದು, ಉಳಿದ ಕೋಳಿಗಳನ್ನು ಆಚೆ ಅಟ್ಟಿದ. ಬೆರಳಿಂದ ಅದರ ಕೊಕ್ಕಿಗೆ ನೀರು ಬಿಟ್ಟ. ಚೂರಿ ಅದರ ಕಣ್ಣಿಗೆ ಬೀಳದಂತೆ ಬೆನ್ನ ಹಿಂದೆ ಹಿಡಿದಿದ್ದ. “ಮೆತ್ತಗ ಹಿಡೀರಿ ಭೀಮವ್ವಾರ, ಅದು ಅಂಜಬಾರದು” ಎಂದ. ಬಿಸ್ಮಿಲ್ಲಾ ಎಂದದ್ದಷ್ಟೇ ಕೇಳಿಸಿತು. ನನ್ನ ಕೈಯೊಳಗೆ ಅದರ ಒದ್ದಾಟ ನಿಂತಿತ್ತು. ರೋಗದ ಕೋಳಿ ತಿನ್ನಬಾರದೆಂದು ತಾನೇ ಬೇವಿನ ಬುಡದಲ್ಲಿ ಆಳವಾಗಿ ಹುಗಿದ. ಜೋಳ ಕೊಡಲು ಹೋದರೆ ಬೇಡವೆಂದ. ಚೂರಿ ತೊಳೆಯುವಾಗ ಅತ್ತುಬಿಟ್ಟ. ನಾನೂ ಅತ್ತೆ, ಕೋಳಿಗೋ ಯಾರಿಗೋ ತಿಳಿಯದು.

ಸಿಟ್ಟು ಬಂದರೆ ನನ್ನ ಮೇಲೆ ತೀರಿಸಿಕೋ. ಕಾಗದ ಮಾತ್ರ ಬರೆಯದೆ ಇರಬೇಡ.

ನಿನ್ನ ಅವ್ವ,
ಭೀಮವ್ವ

ತಾ.ಕ.: ಅವನು ಮೊದಲು ಒಳಗೆ ಬರಲೇ ಇಲ್ಲ. ಬಾಗಿಲಾಚೆ ನಿಂತು, “ರೇಣಮ್ಮಗ ಗೊತ್ತೈತೇನ್ರಿ?” ಎಂದು ಕೇಳಿದ. ನೀನೇ ಹೇಳಿಕಳಿಸಿದ್ದೀ ಎಂದುಬಿಟ್ಟೆ. ಅದನ್ನು ನಂಬಿಯೇ ಅವನು ಅಂಗಳಕ್ಕೆ ಕಾಲಿಟ್ಟದ್ದು. ಸಂಕ್ರಾಂತಿಗೆ ನೀನು ಬಂದಾಗ ಓಣಿಯಲ್ಲಿ ಎದುರಾಗುತ್ತಾನೆ. ನಿನ್ನ ಅವ್ವನನ್ನು ಸುಳ್ಳುಗಾತಿ ಮಾಡಬೇಡ, ಮಗಳೇ.